ಒಂದು ವಾರ, ಆರು ಜನ, ಒಂದು ಹಾಯಿದೋಣಿ: ಡಾಲ್ಮೇಷಿಯಾ ಕರಾವಳಿಗೆ ಸಲಹೆ ಬೇಕು

ಪಡುಗಾಳಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್‌ನಲ್ಲಿ ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿಯಲ್ಲಿ ಒಂದು ವಾರದ ಮಟ್ಟಿಗೆ ಯಾಟ್ ಒಂದನ್ನು ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಹೋಗಬೇಕೆಂದು ಮನೆಯಲ್ಲಿ ಮಾತಾಗಿದೆ. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗ, ಅರವತ್ತಾರು ವರ್ಷದ ಅಮ್ಮ, ತಮ್ಮ ಮತ್ತು ಅವನ ಹೆಂಡತಿ, ಒಟ್ಟು ಆರು ಜನ. ಅಮ್ಮ ತೀರ್ಥಹಳ್ಳಿಯಲ್ಲಿ ತುಂಗಾ ನದಿಗಿಳಿದು ಈಜು ಕಲಿತವರು. ಆದರೆ ಕಡಲನ್ನು ಇದುವರೆಗೆ ದಡದಲ್ಲಿ ನಿಂತು ನೋಡಿದ್ದಾರೆ, ಅಷ್ಟೇ.

ನಾವು ಹಾಕಿಕೊಂಡಿರುವ ದಾರಿ ಹೀಗಿದೆ: ಸ್ಪ್ಲಿಟ್‌ನಿಂದ ಹೊರಟು ಹ್ವಾರ್, ವಿಸ್, ಕೊರ್ಚುಲಾ, ಮ್ಲ್ಯೆಟ್, ಡುಬ್ರೊವ್ನಿಕ್, ಅಲ್ಲಿಂದ ಮತ್ತೆ ಸ್ಪ್ಲಿಟ್. ತಮ್ಮ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಸಣ್ಣ ಹಾಯಿದೋಣಿ ನಡೆಸುವುದನ್ನು ಎರಡು ವರ್ಷ ಕಲಿತಿದ್ದಾನೆ. ನಲವತ್ತನಾಲ್ಕು ಅಡಿಯ ದೋಣಿಯನ್ನು ತಾನೇ ನಡೆಸಬಲ್ಲೆ ಎಂಬ ಧೈರ್ಯ ಅವನದು. ಸ್ಕಿಪ್ಪರ್‌ನನ್ನು (ದೋಣಿ ನಡೆಸುವ ನಾಯಕನನ್ನು) ಗೊತ್ತುಮಾಡಿಕೊಳ್ಳಬೇಕೇ, ಬೇಡವೇ? ದಾರಿ ಸರಿಯಾಗಿದೆಯೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಹಗ್ಗಗಂಟು (ಮ್ಯೂನಿಕ್)

ನಾನು ಆ ಕರಾವಳಿಗೆ ನಾಲ್ಕು ಬಾರಿ ಹೋಗಿದ್ದೇನೆ. ಮೊದಲೆರಡು ಬಾರಿ ಸ್ಕಿಪ್ಪರ್‌ ಜೊತೆಗೆ, ಆಮೇಲಿನ ಎರಡು ಬಾರಿ ಪರವಾನಗಿ ಪಡೆದು ನಾನೇ.

ಮೊದಲು ದಾರಿಯ ಮಾತು. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ದ್ವೀಪಗಳ ನಡುವೆ ಸುತ್ತಿ ಹೋಗಿ ಬರಲು ಇನ್ನೂರು ನಾಟಿಕಲ್ ಮೈಲಿಗೂ ಹೆಚ್ಚು (ಒಂದು ಕಡಲ ಮೈಲಿ ಎಂದರೆ ಸುಮಾರು 1.85 ಕಿ.ಮೀ., ಮುಂದೆ ಮೈಲಿ ಎಂದದ್ದೆಲ್ಲ ಇದೇ). ಹಾಯಿದೋಣಿ ಒಳ್ಳೆಯ ಗಾಳಿಯಲ್ಲಿ ಗಂಟೆಗೆ ಐದಾರು ಮೈಲಿ ಹೋಗುತ್ತದೆ. ಅಂದರೆ ನಲವತ್ತು ಗಂಟೆಯ ಬರಿಯ ಓಟ. ಅದೂ ಗಾಳಿ ನೀವು ಹೇಳಿದಂತೆ ಕೇಳಿದರೆ. ಬಾಡಿಗೆಯ ವಾರ ಶನಿವಾರ ಸಂಜೆ ಐದರ ಹೊತ್ತಿಗೆ ಆರಂಭವಾಗುತ್ತದೆ. ಶುಕ್ರವಾರ ಸಂಜೆಗೇ ದೋಣಿ ಮರೀನಾಕ್ಕೆ (ದೋಣಿಗಳ ತಂಗುದಾಣಕ್ಕೆ) ಮರಳಿರಬೇಕು, ಶನಿವಾರ ಬೆಳಿಗ್ಗೆ ಇಳಿದುಬಿಡಬೇಕು. ನಿಮ್ಮ ಕೈಗೆ ಸಿಗುವುದು ಆರು ದಿನ ಮಾತ್ರ. ಈ ದಾರಿಯಲ್ಲಿ ಹೋದರೆ ನೀವು ದ್ವೀಪಗಳನ್ನು ನೋಡುವುದಿಲ್ಲ, ಎಂಜಿನ್ ಸದ್ದನ್ನು ಕೇಳುತ್ತೀರಿ.

ಕೊರ್ಚುಲಾ, ಮ್ಲ್ಯೆಟ್, ಡುಬ್ರೊವ್ನಿಕ್ ಮೂರನ್ನೂ ಬಿಡಿ. ಸ್ಪ್ಲಿಟ್ ಪಕ್ಕದ ಕಾಷ್ಟೆಲಾದಿಂದ ಬ್ರಾಚ್ ದ್ವೀಪದ ಮಿಲ್ನಾ, ಅಲ್ಲಿಂದ ವಿಸ್, ಅದೇ ದ್ವೀಪದ ಕೊಮಿಝಾ, ಗಾಳಿ ಬಿಟ್ಟರೆ ಬಿಶೆವೊ, ಮತ್ತೆ ಹ್ವಾರ್ ಎದುರಿನ ಪಕ್ಲೆನಿ ದ್ವೀಪಗಳು, ಹ್ವಾರ್ ದ್ವೀಪದ್ದೇ ಆದ ಸ್ಟಾರಿ ಗ್ರಾಡ್, ಕೊನೆಗೆ ಷೋಲ್ಟಾ. ಎಲ್ಲ ಸೇರಿ ಸುಮಾರು ನೂರು ಮೈಲಿ. ದಿನಕ್ಕೆ ಮೂರ್ನಾಲ್ಕು ಗಂಟೆ ಹಾಯಿ ಬಿಚ್ಚಿ, ಮಧ್ಯಾಹ್ನ ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಹಾಕಿ ಈಜಿ, ಸಂಜೆ ಊರು ಸೇರಬಹುದು.

ಇನ್ನು ತಮ್ಮನ ವಿಷಯ. ಹುಸೇನ್ ಸಾಗರದಲ್ಲಿ ಕಲಿತದ್ದು ವ್ಯರ್ಥವಲ್ಲ, ಗಾಳಿಯ ಅರಿವು ಅಲ್ಲೇ ಬರುವುದು. ಆದರೆ ಕ್ರೊಯೇಷಿಯಾದ ಕಾನೂನು ಬೇರೆ. ಸ್ಕಿಪ್ಪರ್ ಇಲ್ಲದೆ ದೋಣಿ ಕೊಡಬೇಕಾದರೆ ಕ್ರೊಯೇಷಿಯಾ ಸರ್ಕಾರ ಮಾನ್ಯ ಮಾಡಿರುವ ಪರವಾನಗಿ ಬೇಕು, ಜೊತೆಗೆ ದೋಣಿಗಳಲ್ಲಿರುವ ವಿ.ಎಚ್.ಎಫ್. ರೇಡಿಯೊ ಬಳಸುವ ಪ್ರಮಾಣಪತ್ರವೂ ಬೇಕು. ಕ್ಲಬ್‌ನ ತರಬೇತಿ ಪತ್ರ ನಡೆಯುವುದಿಲ್ಲ. ಕಾಗದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹತ್ತು ಟನ್ ತೂಕದ ದೋಣಿಯನ್ನು ಎರಡು ದೋಣಿಗಳ ನಡುವಿನ ಇಕ್ಕಟ್ಟಿನಲ್ಲಿ, ಅಡ್ಡಗಾಳಿ ಬೀಸುವಾಗ ಹಿಮ್ಮುಖವಾಗಿ ನಿಲ್ಲಿಸುವುದಿದೆಯಲ್ಲ, ಅದನ್ನು ಕೆರೆಯಲ್ಲಿ ಯಾರೂ ಕಲಿಸುವುದಿಲ್ಲ. ಸ್ಕಿಪ್ಪರ್‌ನನ್ನು ಗೊತ್ತುಮಾಡಿಕೊಳ್ಳಿ, ತಮ್ಮ ಅವನ ಪಕ್ಕದಲ್ಲಿ ನಿಂತು ಚುಕ್ಕಾಣಿ ಹಿಡಿಯಲಿ.

ಮಲ್ಪೆಯ ಮಗಳು (ರಾಟರ್‌ಡ್ಯಾಮ್)

ಹಗ್ಗಗಂಟು ಅವರ ಮಾತಿಗೆ ನನ್ನ ಪೂರ್ತಿ ಸಮ್ಮತಿ ಇದೆ. ಗಾಳಿಯ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ತಂದೆ ಮಲ್ಪೆಯಲ್ಲಿ ಇಪ್ಪತ್ತೆಂಟು ವರ್ಷ ತಾಂಡೇಲರಾಗಿದ್ದವರು, ಅಂದರೆ ಮೀನುದೋಣಿಯ ಮುಖ್ಯಸ್ಥರು. ಬೆಳಿಗ್ಗೆ ಎದ್ದವರೇ ಅಂಗಳಕ್ಕೆ ಬಂದು, ಚಹಾ ಕುಡಿಯುವ ಮೊದಲು ಮುಖವನ್ನು ಪಶ್ಚಿಮಕ್ಕೆ ತಿರುಗಿಸಿ ಅರೆಗಳಿಗೆ ನಿಲ್ಲುತ್ತಿದ್ದರು. ಡಾಲ್ಮೇಷಿಯಾದ ಬಂದರುಗಳಲ್ಲಿ ಮುದುಕರು ಹಾಗೆಯೇ ನಿಲ್ಲುವುದನ್ನು ಕಂಡಾಗ ನನಗೆ ಮನೆಗೆ ಬಂದಂತಾಯಿತು.

ಅಲ್ಲಿ ಒಂದೊಂದು ಗಾಳಿಗೂ ಒಂದೊಂದು ಹೆಸರು, ಒಂದೊಂದು ಸ್ವಭಾವ. ಮಾಯೆಸ್ಟ್ರಾಲ್ ಎಂಬುದು ವಾಯವ್ಯದ ಗಾಳಿ. ಬೇಸಿಗೆಯಲ್ಲಿ ನೆಲ ಕಾದಂತೆ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಏಳುತ್ತದೆ, ಮಧ್ಯಾಹ್ನ ಬಲಿಯುತ್ತದೆ, ಸೂರ್ಯ ಇಳಿದಂತೆ ತಾನೂ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಮಧ್ಯಾಹ್ನ ಬೀಸುವ ಕಡಲಗಾಳಿಯ ಹಾಗೆ. ಹಾಯಿಗೆ ಇದಕ್ಕಿಂತ ಒಳ್ಳೆಯ ಗೆಳೆಯನಿಲ್ಲ. ಯೂಗೊ ಆಗ್ನೇಯದ್ದು, ಬೆಚ್ಚಗೆ, ತೇವವಾಗಿ, ಮೋಡ ಹೊತ್ತು ಬರುತ್ತದೆ. ಒಂದೇ ಸಲ ಎರಗುವುದಿಲ್ಲ. ಒಂದೆರಡು ದಿನದಲ್ಲಿ ನಿಧಾನವಾಗಿ ಬಲಿತು ಉದ್ದುದ್ದದ ಅಲೆ ಎಬ್ಬಿಸುತ್ತದೆ. ಬೂರಾ ಇದಕ್ಕೆ ಪೂರ್ತಿ ವಿರುದ್ಧ. ಈಶಾನ್ಯದ ಬೆಟ್ಟಸಾಲಿನಿಂದ ತಣ್ಣನೆಯ ಗಾಳಿ ಜಾರಿ ಕಡಲಿಗೆ ಬೀಳುತ್ತದೆ. ಆಕಾಶ ತಿಳಿಯಾಗಿಯೇ ಇರುತ್ತದೆ, ಬೆಟ್ಟದ ನೆತ್ತಿಯ ಮೇಲೆ ಬಿಳಿ ಟೋಪಿಯಂತೆ ಮೋಡ ಕೂತಿದ್ದರೆ ಅದೇ ಸೂಚನೆ. ಇದರ ಜೋರು ಚಳಿಗಾಲದಲ್ಲಿ ಹೆಚ್ಚು, ಆದರೆ ಬೇಸಿಗೆಯಲ್ಲಿ ಬರುವುದೇ ಇಲ್ಲ ಎಂದು ನಂಬಬೇಡಿ. ಇವುಗಳ ಮೇಲೆ ನೆವೆರಾ ಒಂದಿದೆ, ಬೇಸಿಗೆಯ ಸಂಜೆ ಪಶ್ಚಿಮದಿಂದ ಗುಡುಗು ಮಿಂಚಿನೊಡನೆ ನುಗ್ಗಿ ಒಂದು ಗಂಟೆಯಲ್ಲಿ ಮುಗಿದುಹೋಗುವ ಬಿರುಗಾಳಿ.

ನಮ್ಮ ಕಡಲಿಗೂ ಅದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಮಲ್ಪೆಯಲ್ಲಿ ಭರತ ಇಳಿತದ ಲೆಕ್ಕ ನೋಡದೆ ಯಾರೂ ಅಳಿವೆ ದಾಟುವುದಿಲ್ಲ. ಕ್ರೊಯೇಷಿಯಾದ ಕಡಲಾದ ಆಡ್ರಿಯಾಟಿಕ್‌ನ ಆ ಭಾಗದಲ್ಲಿ ಇಳಿತ ಭರತದ ಅಂತರ ಹೆಚ್ಚೆಂದರೆ ಮೊಣಕಾಲುದ್ದ. ಆದ್ದರಿಂದಲೇ ದೋಣಿಯ ಹಿಂಭಾಗವನ್ನು ನೇರವಾಗಿ ಕಟ್ಟೆಗೆ ಕಟ್ಟಿ, ಹಲಗೆ ಹಾಕಿ ಊರಿಗೆ ನಡೆದುಹೋಗುವುದು ಅಲ್ಲಿ ಸಾಧ್ಯ.

ನನ್ನ ಪ್ರವಾಸದಲ್ಲಿ ಜೂನ್‌ನ ಒಂದು ಯೂಗೊ ನಮ್ಮನ್ನು ವಿಸ್ ಊರಿನಲ್ಲಿ ಎರಡು ದಿನ ಹಿಡಿದು ನಿಲ್ಲಿಸಿತು. ಯಾರಿಗೂ ಬೇಸರವಾಗಲಿಲ್ಲ. ಯುಗೊಸ್ಲಾವಿಯಾ ಸೇನೆಯ ನೆಲೆಯಾಗಿದ್ದ ಆ ದ್ವೀಪಕ್ಕೆ 1989ರವರೆಗೆ ವಿದೇಶಿಯರಿಗೆ ಪ್ರವೇಶವಿರಲಿಲ್ಲ. ಜಲಾಂತರ್ಗಾಮಿಗಳನ್ನು ಅಡಗಿಸಲು ಬಂಡೆಯಲ್ಲಿ ಕೊರೆದ ಸುರಂಗ ಇಂದಿಗೂ ಬಾಯಿ ತೆರೆದು ನಿಂತಿದೆ. ಹೋಟೆಲುಗಳ ಹಾವಳಿ ಇಲ್ಲದೆ ಊರು ಉಳಿದದ್ದು ಆ ಕಾರಣಕ್ಕೇ. ಕೊಮಿಝಾದಲ್ಲಿ ಫಲ್ಕೂಷಾ ಎಂಬ ಹಳೆಯ ಮೀನುಗಾರಿಕೆ ದೋಣಿಯನ್ನು ನೋಡಲು ಮರೆಯಬೇಡಿ. ಆ ಊರಿನವರು ನಲವತ್ತೆರಡು ಮೈಲಿ ದೂರದ ಪಲಾಗ್ರೂಝಾ ದ್ವೀಪಕ್ಕೆ ಹುಟ್ಟು ಹಾಕುತ್ತಾ, ಗಾಳಿ ಸಿಕ್ಕರೆ ಹಾಯಿ ಕಟ್ಟುತ್ತಾ ಪಂದ್ಯ ಕಟ್ಟಿದಂತೆ ಓಡುತ್ತಿದ್ದರಂತೆ. ಅಲ್ಲಿ ದೋಣಿ ಎಳೆದಿಡಲು ದಡ ಚಿಕ್ಕದು, ಮೊದಲು ಮುಟ್ಟಿದವನಿಗೆ ಜಾಗ. ಆ ದೋಣಿಯ ಅಂಚಿನ ಹಲಗೆಗಳನ್ನು ಬೇಕೆಂದಾಗ ಕಳಚಿ ಇಡಬಹುದು. ಅಲೆ ಎದ್ದಾಗ ಹಲಗೆ ಏರಿಸಿ ಗೋಡೆ ಎತ್ತರಿಸುವುದು, ಹುಟ್ಟು ಹಾಕುವಾಗ ತೆಗೆಯುವುದು. ನನ್ನ ತಂದೆಗೆ ಚಿತ್ರ ಕಳಿಸಿದ್ದೆ. ಅವರು ತಿರುಗಿ ಕೇಳಿದ ಮೊದಲ ಪ್ರಶ್ನೆ, ಯಾವ ಮರ ಎಂದು.

ಪಡುಗಾಳಿ

ಇಬ್ಬರಿಗೂ ಮನಸಾರೆ ಧನ್ಯವಾದ. ಡುಬ್ರೊವ್ನಿಕ್ ಬಿಟ್ಟೆವು. ತಮ್ಮನೂ ಒಪ್ಪಿದ, ಸ್ವಲ್ಪ ಮುಖ ಸಣ್ಣದು ಮಾಡಿಕೊಂಡ, ಆದರೆ ಒಪ್ಪಿದ. ಇನ್ನು ಉಳಿದದ್ದು ಅಮ್ಮನ ಅನುಕೂಲ. ಸಸ್ಯಾಹಾರ, ಶೌಚಾಲಯ, ವಾಂತಿ, ಏಣಿ ಹತ್ತಿ ಇಳಿಯುವುದು, ಇವುಗಳ ಬಗ್ಗೆ ಅನುಭವ ಇದ್ದವರು ಹೇಳಿ. ದೋಣಿ ಯಾವುದು ತೆಗೆದುಕೊಳ್ಳಲಿ, ಒಂದೇ ಒಡಲಿನದೋ, ಎರಡು ಒಡಲಿನ ಕ್ಯಾಟಮರನ್ನೋ?

ಅಕ್ಕಿರೊಟ್ಟಿ (ಮೈಸೂರು)

ಅಡುಗೆಯ ಭಾಗ ನನಗೆ ಬಿಡಿ. ಎರಡು ವರ್ಷದ ಹಿಂದೆ ಒಂಬತ್ತು ದಿನ ದೋಣಿಯ ಒಲೆಯ ಮೇಲೆ ಏಳು ಜನರಿಗೆ ಅನ್ನ ಸಾರು ಮಾಡಿದವಳು ನಾನು.

ಗ್ಯಾಸ್ ಒಲೆಗೆ ಎರಡೋ ಮೂರೋ ಉರಿ ಇರುತ್ತದೆ. ಒಲೆ ತೊಟ್ಟಿಲಿನ ಹಾಗೆ ತೂಗುಹಾಕಿರುತ್ತದೆ, ದೋಣಿ ವಾಲಿದರೂ ಪಾತ್ರೆ ನೆಟ್ಟಗೆ ಇರುತ್ತದೆ. ಆದರೂ ಚಲಿಸುವಾಗ ಕುದಿಯುವ ಸಾರಿನ ಹತ್ತಿರ ಹೋಗಬೇಡಿ. ಬೆಳಿಗ್ಗೆ ಲಂಗರು ಎತ್ತುವ ಮೊದಲೇ ಚಿತ್ರಾನ್ನವೋ ಪುಳಿಯೋಗರೆಯೋ ಕಲೆಸಿ ಡಬ್ಬಿಗೆ ಹಾಕಿಡಿ. ಮೂರು ಲೀಟರಿನ ಕುಕ್ಕರ್, ಒಂದು ಮಸಾಲೆ ಡಬ್ಬಿ, ಅವಲಕ್ಕಿ, ಹುರಿದ ರವೆ, ಹುಣಿಸೆ ಗೊಜ್ಜು, ಚಟ್ನಿಪುಡಿ ಇಷ್ಟಿದ್ದರೆ ಸಾಕು. ತುಪ್ಪ ಮಾತ್ರ ಊರಿಂದ ಒಯ್ಯಬೇಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಪ್ರವಾಸಿಗರು ತರುವಂತಿಲ್ಲ.  ಅಲ್ಲಿಯೇ ಬೆಣ್ಣೆ ಕೊಂಡು ಕಾಯಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಊರಿನ ಊಟದಲ್ಲಿ ಬ್ಲಿಟ್ವಾ ಕೇಳಿ. ಆಲೂಗಡ್ಡೆ, ಸೊಪ್ಪು, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಇಷ್ಟೇ. ನಮ್ಮ ನಾಲಿಗೆಗೆ ಸರಾಗವಾಗಿ ಒಗ್ಗುತ್ತದೆ. ವಿಸ್‌ನ ಪೊಗಾಚಾ ಎಂಬ ರೊಟ್ಟಿ ನೋಡಲು ಸಸ್ಯಾಹಾರದಂತೆಯೇ ಇರುತ್ತದೆ, ಒಳಗೆ ಮೀನು ಇರುತ್ತದೆ. ಅಮ್ಮನಿಗೆ ಮೊದಲೇ ಹೇಳಿ.

ನೀರು ತೊಟ್ಟಿಯಲ್ಲಿ ನಾನೂರು ಐನೂರು ಲೀಟರ್ ಇರುತ್ತದೆ, ಆರು ಜನ ಮನೆಯಂತೆ ಸ್ನಾನ ಮಾಡಿದರೆ ಎರಡೇ ದಿನ. ನಾವು ಪಾತ್ರೆಗಳನ್ನು ಮೊದಲು ಕಡಲನೀರಿನಲ್ಲಿ ಉಜ್ಜಿ, ಕೊನೆಗೊಮ್ಮೆ ಸಿಹಿನೀರು ತೋರಿಸುತ್ತಿದ್ದೆವು. ಶೌಚಾಲಯದ ಕೊಳವೆ ಎರಡು ಬೆರಳು ದಪ್ಪ, ಕಾಗದವನ್ನೂ ಹಾಕಬಾರದು. ಅಮ್ಮನಿಗೆ ಪಂಪ್ ಒತ್ತುವುದನ್ನು ಮೊದಲ ದಿನವೇ, ದೋಣಿ ಕಟ್ಟೆಗೆ ಕಟ್ಟಿರುವಾಗಲೇ ಕೈಹಿಡಿದು ತೋರಿಸಿ. ನಾನು ಹೇಳದೆ ಬಿಟ್ಟಿದ್ದರಿಂದ ನಮ್ಮತ್ತೆ ಎರಡು ದಿನ ಸಂಕೋಚಪಟ್ಟು ನೀರನ್ನೇ ಕಡಿಮೆ ಕುಡಿದಿದ್ದರು. ಅದು ನನ್ನ ತಪ್ಪು, ಇವತ್ತಿಗೂ ನೆನೆದರೆ ನೋವಾಗುತ್ತದೆ.

ವಾಂತಿಗೆ: ಕ್ಯಾಬಿನ್ ಒಳಗೆ ಕೂರಿಸಬೇಡಿ, ಮೇಲೆ ಗಾಳಿಗೆ ಕೂರಿಸಿ, ದಿಗಂತ ನೋಡಲು ಹೇಳಿ. ಒಣಶುಂಠಿ, ಅಕ್ಕಿ ಗಂಜಿ. ಮಾತ್ರೆ ಬೇಕಾದರೆ ಹೊರಡುವ ಮೊದಲೇ ನುಂಗಬೇಕು. ರಕ್ತದೊತ್ತಡದ ಔಷಧ ತೆಗೆದುಕೊಳ್ಳುತ್ತಿದ್ದರೆ ಇಲ್ಲಿಯೇ ವೈದ್ಯರನ್ನು ಕೇಳಿ.

ಲೆಕ್ಕಪತ್ರ (ಹುಬ್ಬಳ್ಳಿ)

ಹಣದ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಜಾಹೀರಾತಿನಲ್ಲಿ ಕಾಣುವ ವಾರದ ಬಾಡಿಗೆ ಆರಂಭ ಮಾತ್ರ. ಅದರ ಮೇಲೆ ಸ್ವಚ್ಛತೆ, ಹಾಸಿಗೆ ಬಟ್ಟೆ, ಗ್ಯಾಸ್ ಸೇರಿದ ಕಡ್ಡಾಯ ಶುಲ್ಕ, ಪ್ರವಾಸಿ ತೆರಿಗೆ, ಡೀಸೆಲ್, ರಾತ್ರಿ ತಂಗುವ ಮರೀನಾದ ಶುಲ್ಕ, ಸ್ಕಿಪ್ಪರ್‌ನ ದಿನಗೂಲಿ ಮತ್ತು ಅವನ ಊಟ. ಅವನಿಗೆ ಮಲಗಲು ಜಾಗವೂ ಕೊಡಬೇಕು. ನಾಲ್ಕು ಕ್ಯಾಬಿನ್‌ನ ದೋಣಿ ಎಂಟು ಜನರಿಗೆ ಎಂದು ಬರೆದಿರುತ್ತಾರೆ, ಸ್ಕಿಪ್ಪರ್ ಬಂದರೆ ಆರು ಜನರಿಗೆ. ನೀವು ಆರೇ ಇದ್ದೀರಿ, ಸರಿಹೋಯಿತು.

ಎಲ್ಲಕ್ಕಿಂತ ಮುಖ್ಯ ಠೇವಣಿ. ಈ ಅಳತೆಯ ದೋಣಿಗೆ ಎರಡು ಮೂರು ಸಾವಿರ ಯೂರೊ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ನಾನು ಹಿಂದೊಮ್ಮೆ ಒಂದು ಸಂಸ್ಥೆಯಿಂದ ದೋಣಿ ಪಡೆದಾಗ, ಮರಳಿಸುವ ಬೆಳಿಗ್ಗೆ ಅವರ ಮುಳುಗುಗಾರ ನೀರಿಗಿಳಿದು ದೋಣಿಯ ತಳದಿಂದ ರೆಕ್ಕೆಯಂತೆ ಕೆಳಗಿಳಿದ ಕೀಲ್‌ನಲ್ಲಿ ಗೀರು ಇದೆಯೆಂದ. ನಾವು ಎಲ್ಲಿಯೂ ನೆಲ ತಾಕಿಸಿರಲಿಲ್ಲ. ಆದರೆ ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ, ಎಂಟುನೂರು ಯೂರೊ ಹೋಯಿತು. ಅಂದಿನಿಂದ ದೋಣಿ ಕೈಗೆ ಬಂದ ಕೂಡಲೇ ನೀರಿನೊಳಗಿನ ಕ್ಯಾಮರಾ ಇಳಿಸಿ ಕೀಲ್, ಚುಕ್ಕಾಣಿ, ಪ್ರೊಪೆಲ್ಲರ್ ಎಲ್ಲದರ ವಿಡಿಯೊ ತೆಗೆದುಕೊಳ್ಳುತ್ತೇನೆ. ಹಾಯಿಯನ್ನು ಪೂರ್ತಿ ಬಿಚ್ಚಿಸಿ ಹೊಲಿಗೆ ನೋಡುತ್ತೇನೆ. ಡಿಂಗಿಯ (ದಡಕ್ಕೆ ಹೋಗಿಬರುವ ಪುಟ್ಟ ದೋಣಿಯ) ಮೋಟಾರನ್ನು ಚಾಲೂ ಮಾಡಿಸುತ್ತೇನೆ. ಸಂಜೆಯ ಆತುರದಲ್ಲಿ ಸಹಿ ಹಾಕಬೇಡಿ. ಠೇವಣಿಯ ಹೊಣೆ ತಗ್ಗಿಸುವ ವಿಮೆಯೂ ಸಿಗುತ್ತದೆ, ಅದರ ಷರತ್ತು ಓದಿ ತೆಗೆದುಕೊಳ್ಳಿ.

ವೀಸಾ ಈಗ ಸರಳ. 2023ರ ಜನವರಿ 1ರಿಂದ ಕ್ರೊಯೇಷಿಯಾ ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪು) ಒಳಗಿದೆ, ಯೂರೊ ಕೂಡ ಅದೇ ದಿನ ಬಂತು. ಹಳೆಯ ಲೇಖನಗಳಲ್ಲಿ ಕೂನಾ (ಅಲ್ಲಿನ ಹಿಂದಿನ ನಾಣ್ಯ) ಎಂದು ಬರೆದ ದರಗಳನ್ನು ನಂಬಬೇಡಿ.

ಬೆಳದಿಂಗಳು (ಪುಣೆ)

ಅಮ್ಮನಿದ್ದಾರೆ ಎಂದಮೇಲೆ ಕ್ಯಾಟಮರನ್ ಬಿಟ್ಟು ಬೇರೆ ಯೋಚನೆ ಯಾಕೆ? ಅದು ವಾಲುವುದಿಲ್ಲ, ಕೋಣೆಗಳು ದೊಡ್ಡವು, ಮೆಟ್ಟಿಲು ಕಡಿಮೆ. ಒಂದೇ ಒಡಲಿನ ದೋಣಿ ಇಪ್ಪತ್ತು ಡಿಗ್ರಿ ವಾಲಿದಾಗ ವಯಸ್ಸಾದವರು ಹೆದರುತ್ತಾರೆ. ಹಾಯಿಯ ಮೋಹಕ್ಕೆ ಅವರನ್ನು ಕಷ್ಟಕ್ಕೆ ದೂಡಬಾರದು.

ಹಗ್ಗಗಂಟು

ಬೆಳದಿಂಗಳು ಅವರ ಕಾಳಜಿ ನ್ಯಾಯವಾದದ್ದು. ಆದರೂ ನನ್ನ ಅನುಭವ ಬೇರೆ ಇದೆ. ಕ್ಯಾಟಮರನ್‌ನ ಬಾಡಿಗೆ ಒಂದೂವರೆ ಪಟ್ಟು ದಾಟುತ್ತದೆ, ಮರೀನಾಗಳೂ ಅಗಲಕ್ಕೆ ತಕ್ಕಂತೆ ಹೆಚ್ಚು ಕೇಳುತ್ತವೆ, ಹಳೆಯ ಸಣ್ಣ ಬಂದರುಗಳಲ್ಲಿ ಜಾಗ ಸಿಗುವುದು ಕಷ್ಟ. ವಾಲುವಿಕೆ ನಮ್ಮ ಕೈಯಲ್ಲಿದೆ. ಹಾಯಿಯನ್ನು ಮೊದಲೇ ಚಿಕ್ಕದು ಮಾಡಿಕೊಂಡರೆ ಹನ್ನೆರಡು ಡಿಗ್ರಿಯೊಳಗೆ ಇಡಬಹುದು, ವೇಗವೂ ಅಷ್ಟೇನೂ ಕುಗ್ಗುವುದಿಲ್ಲ. ಅಮ್ಮನವರನ್ನೇ ಕೇಳಿ. ಅವರಿಗೆ ಎರಡರ ವಿಡಿಯೊ ತೋರಿಸಿ, ಅವರೇ ಹೇಳಲಿ.

ಮಲ್ಪೆಯ ಮಗಳು

ಹೌದು, ಅವರನ್ನೇ ಕೇಳಿ. ಮತ್ತೊಂದು ವಿನಂತಿ, ಲಂಗರು ಹಾಕುವಾಗ ನೀರೊಳಗೆ ಕಪ್ಪಗೆ ಕಾಣುವ ಹುಲ್ಲಿನ ಮೇಲೆ ಹಾಕಬೇಡಿ, ಮರಳಿನ ತಿಳಿ ಬಣ್ಣ ಹುಡುಕಿ. ಪೊಸಿಡೋನಿಯಾ ಎಂಬ ಆ ಹುಲ್ಲು ಮೀನುಮರಿಗಳ ತೊಟ್ಟಿಲು, ಬಹಳ ನಿಧಾನವಾಗಿ ಬೆಳೆಯುವಂಥದ್ದು. ಲಂಗರೂ ಅದರಲ್ಲಿ ಸರಿಯಾಗಿ ಕಚ್ಚುವುದಿಲ್ಲ. ಆರು ಮೀಟರ್ ಆಳಕ್ಕೆ ಮೂವತ್ತು ಮೀಟರ್ ಸರಪಳಿ ಬಿಡಿ. ಅಪಾಯ ಬಂದರೆ ರೇಡಿಯೊದಲ್ಲಿ 16ನೇ ಚಾನೆಲ್, ಮೊಬೈಲ್‌ನಲ್ಲಿ 195. ಎರಡನ್ನೂ ಮಗನಿಗೆ ಬಾಯಿಪಾಠ ಮಾಡಿಸಿ.

ಪಡುಗಾಳಿ (ಸೆಪ್ಟೆಂಬರ್ ಕೊನೆಯಲ್ಲಿ)

ಹೋಗಿ ಬಂದೆವು. ಎಲ್ಲರಿಗೂ ಋಣಿಯಾಗಿದ್ದೇನೆ, ಆದ್ದರಿಂದ ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ.

ವಿಡಿಯೊ ನೋಡಿ ಅಮ್ಮ ಒಂದೇ ಒಡಲಿನ ದೋಣಿಯನ್ನೇ ತೋರಿಸಿದರು, "ಇದು ದೋಣಿಯ ಹಾಗಿದೆ" ಎಂದರು. ನಮಗೆ ಸಿಕ್ಕ ಸ್ಕಿಪ್ಪರ್ ಸ್ಪ್ಲಿಟ್‌ನವರು, ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಮೊದಲ ರಾತ್ರಿ ಹೊರಡಲೇ ಇಲ್ಲ. ಮಗನನ್ನು ಕೂರಿಸಿಕೊಂಡು ಜೀವರಕ್ಷಕ ಜಾಕೆಟ್ ಅವನ ಅಳತೆಗೆ ಬಿಗಿದು, ಕೈಗೆ ಒಂದು ಹಗ್ಗದ ತುಂಡು ಕೊಟ್ಟು ಗಂಟು ಕಲಿಸಿದರು. ಪಕ್ಕದಲ್ಲಿದ್ದ ಅಮ್ಮ ಅದನ್ನು ಮಗನಿಗಿಂತ ಮೊದಲು ಕಲಿತರು.

ಎರಡನೆಯ ದಿನ ಮಿಲ್ನಾ ಬಿಟ್ಟು ಒಂದು ಗಂಟೆಯಾಗಿತ್ತು. ನೀರಿನ ಮೇಲೆ ವಾಯವ್ಯದಿಂದ ಕಪ್ಪು ಗೆರೆಯೊಂದು ನಮ್ಮತ್ತ ಬರುತ್ತಿತ್ತು. ಸ್ಕಿಪ್ಪರ್ ಅದನ್ನು ಬೆರಳು ಮಾಡಿ ತೋರಿಸಿ "ಮಾಯೆಸ್ಟ್ರಾಲ್" ಎಂದರು. ತಮ್ಮ ಹಾಯಿಯ ಹಗ್ಗ ಬಿಗಿಯುವ ವಿಂಚ್ ತಿರುಗಿಸಿದ, ಹಾಯಿ ಎರಡು ಬಾರಿ ಪಟಪಟನೆ ಬಡಿದುಕೊಂಡು ಒಮ್ಮೆಲೇ ತುಂಬಿ ಸುಮ್ಮನಾಯಿತು. ಎಂಜಿನ್ ನಿಲ್ಲಿಸಿದರು. ಆಮೇಲೆ ಕೇಳಿಸಿದ್ದು ಒಡಲ ಕೆಳಗೆ ನೀರು ಹರಿಯುವ ಸದ್ದು ಒಂದೇ. ಅಮ್ಮ ಮಾತಾಡಲಿಲ್ಲ. ಮೇಲಂಚಿನ ಕಂಬಿ ಹಿಡಿದಿದ್ದ ಕೈಯನ್ನು ನಿಧಾನವಾಗಿ ಸಡಿಲಿಸಿದರು. ನಾನು ಅದನ್ನೇ ನೋಡುತ್ತಿದ್ದೆ. ಒಣಶುಂಠಿ ಬೇಕಾದದ್ದು ನನ್ನ ಹೆಂಡತಿಗೆ, ಅಮ್ಮನಿಗಲ್ಲ.

ಮೂರನೆಯ ರಾತ್ರಿ ಯೂಗೊ ಎದ್ದಿತು. ಬಿಶೆವೊದ ನೀಲಿ ಗುಹೆ ಮುಚ್ಚಿತ್ತು. ಆ ಗುಹೆಯ ಬಾಯಿ ಎಷ್ಟು ತಗ್ಗೆಂದರೆ ಅಲೆ ಸ್ವಲ್ಪ ಎದ್ದರೂ ಸಣ್ಣ ದೋಣಿಗಳು ಒಳಹೋಗಲಾರವು. ಬೆಳಕು ನೀರಿನಡಿಯ ಕಿಂಡಿಯಿಂದ ಒಳಗೆ ಬಂದು ಇಡೀ ಗುಹೆ ನೀಲಿಯಾಗುತ್ತದೆ ಎಂದು ಮಗನಿಗೆ ತಿಂಗಳಿಂದ ಹೇಳಿಟ್ಟಿದ್ದೆವು. ಅವನು ಅತ್ತುಬಿಟ್ಟ. ತಮ್ಮ ಕೂಡ ಹೇಗಾದರೂ ಹೋಗೋಣ ಎಂದ. ಸ್ಕಿಪ್ಪರ್ ಹವಾಮಾನದ ಹಾಳೆಯನ್ನು ಅವನ ಮುಂದಿಟ್ಟರು, ಅಷ್ಟೇ. ನೀವೆಲ್ಲ ಮೊದಲೇ ಹೇಳಿರದಿದ್ದರೆ ನಾನೂ ತಮ್ಮನ ಜೊತೆ ಸೇರುತ್ತಿದ್ದೆ. ಆಗ್ನೇಯದ ಅಲೆ ತಾಕದ ಹಾಗೆ ಸ್ಟಾರಿ ಗ್ರಾಡ್‌ನ ಉದ್ದನೆಯ ಕೊಲ್ಲಿಗೆ ಹೋಗಿ ಎರಡು ರಾತ್ರಿ ಉಳಿದೆವು.

ಅಲ್ಲಿ ಕಳೆದ ಒಂದು ದಿನ ನಮ್ಮ ಇಡೀ ಪ್ರವಾಸದ ತಿರುಳಾಯಿತು. ಕ್ರಿ.ಪೂ. 384ರಲ್ಲಿ ಪಾರೋಸ್ ದ್ವೀಪದ ಗ್ರೀಕರು ಬಂದು ಅಳೆದು ಹಂಚಿಕೊಂಡ ಹೊಲಗಳು ಅದೇ ಗಡಿಗೋಡೆಗಳೊಡನೆ ಇನ್ನೂ ಉಳುಮೆಯಲ್ಲಿವೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ದ್ರಾಕ್ಷಿ, ಆಲಿವ್. ಅಮ್ಮ ಒಂದು ಕಲ್ಲುಗೋಡೆಯ ಪಕ್ಕ ಕುಳಿತು ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ರೀತಿಯನ್ನು ಬಹಳ ಹೊತ್ತು ನೋಡಿದರು. ನಮ್ಮೂರ ಅಡಿಕೆ ತೋಟದ ಅಗಳಿನ ಕಟ್ಟೆಯನ್ನು ಅವರ ಅಪ್ಪ ಹೀಗೆಯೇ ಕಟ್ಟಿಸಿದ್ದರಂತೆ. ಅದನ್ನು ನಾನು ಮೊದಲ ಸಲ ಕೇಳಿದೆ.

ಒಂದು ಎಚ್ಚರಿಕೆ. ಕಟ್ಟೆಗೆ ದೋಣಿ ನಿಲ್ಲಿಸುವಾಗ ಮುಂಭಾಗವನ್ನು ಹಿಡಿದಿಡಲು ನೀರಿನಡಿಯಿಂದ ಒಂದು ಹಗ್ಗ ಎತ್ತಿಕೊಡುತ್ತಾರೆ. ಅದರ ತುಂಬ ಕೆಸರು, ಅಂಟಿಕೊಂಡ ಚಿಪ್ಪುಗಳು. ಬರಿಗೈಯಲ್ಲಿ ಹಿಡಿದು ಓಡಿದ ತಮ್ಮನ ಅಂಗೈ ಬ್ಲೇಡಿನಿಂದ ಗೀರಿದಂತೆ ಸೀಳಿತು. ಚರ್ಮದ ಕೈಗವಸು ಒಯ್ಯಿರಿ. ಲೆಕ್ಕಪತ್ರ ಅವರು ಹೇಳಿದಂತೆ ತಳದ ವಿಡಿಯೊ ತೆಗೆದಿದ್ದೆವು. ಮುಳುಗುಗಾರ ಇಳಿದ, ಹತ್ತಿದ, ಠೇವಣಿ ಪೂರ್ತಿ ಮರಳಿತು.

ಬೆಳದಿಂಗಳು

ಓದಿ ಸಂತೋಷವಾಯಿತು. ನಾನು ಅಮ್ಮನ ಪರವಾಗಿ ಹೆದರಿದ್ದೆ, ಅವರೇ ಹೆದರಲಿಲ್ಲ. ನಮ್ಮ ಮನೆಯವರಿಗೂ ಆಸೆ ಹುಟ್ಟಿದೆ. ಮೇ ತಿಂಗಳು ಹೇಗೆ?

ಹಗ್ಗಗಂಟು

ಮೇ ಕೊನೆಯ ವಾರ ಚೆನ್ನಾಗಿರುತ್ತದೆ. ಬಾಡಿಗೆ ಆಗಸ್ಟ್‌ಗಿಂತ ಬಹಳ ಕಡಿಮೆ, ಕೊಲ್ಲಿಗಳು ಖಾಲಿ. ನೀರು ಮಾತ್ರ ಇನ್ನೂ ತಣ್ಣಗಿರುತ್ತದೆ. ಬೇಸಿಗೆಯುದ್ದಕ್ಕೂ ಕಾದ ಕಡಲಿನಲ್ಲಿ ಈಜಬೇಕೆಂದರೆ ಸೆಪ್ಟೆಂಬರ್ ಮೊದಲ ಹದಿನೈದು ದಿನ. ಯಾವುದಾದರೂ ಸರಿ, ಒಳ್ಳೆಯ ಸ್ಕಿಪ್ಪರ್ ಬೇಕಾದರೆ ಆರೇಳು ತಿಂಗಳು ಮೊದಲೇ ಮಾತಾಡಿ.

ಮಲ್ಪೆಯ ಮಗಳು

ಪಡುಗಾಳಿ ಅವರೇ, ಮಗ ಈಗ ಹೇಗಿದ್ದಾನೆ? ಗುಹೆಯ ದುಃಖ ಇಳಿಯಿತೇ?

ಪಡುಗಾಳಿ

ಇಳಿದಿಲ್ಲ. ಮತ್ತೆ ಯಾವಾಗ ಎಂದು ವಾರಕ್ಕೊಮ್ಮೆ ಕೇಳುತ್ತಾನೆ. ಹನ್ನೊಂದರಿಂದ ಹನ್ನೆರಡರೊಳಗೆ ಹೋದರೆ ಬೆಳಕು ಚೆನ್ನ ಎಂದು ಸ್ಕಿಪ್ಪರ್ ಹೇಳಿದ್ದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಅಮ್ಮ ಆ ಹಗ್ಗದ ತುಂಡನ್ನು ಕೇಳಿ ತಂದಿದ್ದರು. ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಪದೇ ಪದೇ ಸಡಿಲವಾಗುತ್ತಿತ್ತು, ನಿನ್ನೆ ಅದನ್ನು ಬಿಚ್ಚಿ ಆ ಗಂಟು ಹಾಕಿದ್ದಾರೆ. ಫೋಟೊ ತೆಗೆದು ಸ್ಕಿಪ್ಪರ್‌ಗೆ ಕಳಿಸಿದೆ. ಅವರ ಉತ್ತರ ಬಂತು: ತುದಿ ಇನ್ನೊಂದು ಬೆರಳು ಉದ್ದ ಬಿಡಬೇಕಂತೆ.